ಬಲಗಡೆಯಿಂದ ಒಂದೊಂದೇ ಅಂಕಿ

"ಹೇಳಪ್ಪ, ಡಾಕ್ಟ್ರಿಗೆ ನಿನ್ ನಂಬರ್ ಹೇಳು," ಎಂದು ಇಂಪನಾ ಅಪ್ಪನ ಮೊಣಕೈ ತಿವಿದಳು. ಕುರ್ಚಿಯಲ್ಲಿ ಕೂತರೂ ಅವಳ ಕಾಲು ಕುಣಿಯುತ್ತಲೇ ಇತ್ತು.

ಗುಬ್ಬಿ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳಿ ನಿವೃತ್ತರಾದ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು ಮೊನ್ನೆ ಮೊಸರು ತರಲು ಹೊರಟವರು, ಸಂಜೆ ಕ್ಯಾತ್ಸಂದ್ರದ ರೈಲ್ವೆ ಸ್ಟೇಷನ್ನಿನಲ್ಲಿ ಖಾಲಿ ಕ್ಯಾನು ಹಿಡಿದು ಕೂತಿದ್ದರು. ಅಪ್ಪನ ತಲೆ ಸರಿಯಿಲ್ಲ ಎಂದು ಅಕ್ಕ ಪ್ರೇಮಲತಾ ಫೋನಿನಲ್ಲಿ ಅತ್ತಿದ್ದಳು. ಅದು ಸುಳ್ಳು ಎಂದು ಡಾಕ್ಟರ ಬಾಯಲ್ಲೇ ಹೇಳಿಸಿ, ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಲೆಂದೇ ಇಂಪನಾ ಅವರನ್ನು ತುಮಕೂರಿನ ಆಸ್ಪತ್ರೆಗೆ ಕರೆತಂದದ್ದು. ಅವರ ಮನೆಯಲ್ಲಿ ಅಪ್ಪನಿಗೆ ಜ್ವರ ಬಂದರೆ ಯಾರೂ ಥರ್ಮಾಮೀಟರ್ ಹುಡುಕುವುದಿಲ್ಲ. ನಂಬರ್ ತಪ್ಪಿಲ್ಲದೆ ಹೇಳಿದರೆ ಅಪ್ಪ ಹುಷಾರು, ಅಷ್ಟೇ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಬರ್ಕೊಳಿ ಡಾಕ್ಟ್ರೇ. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು."

ಡಾಕ್ಟರಮ್ಮ ಚೀಟಿಯ ಮೇಲೆ ಬರೆದರು: 73939133.

"ಒಂದು ಮತ್ತೆ ಇದೇ ಸಂಖ್ಯೆ ಬಿಟ್ರೆ ಇನ್ಯಾವ್ದರಿಂದ್ಲೂ ಇದನ್ನ ಭಾಗ ಮಾಡಕ್ಕಾಗಲ್ಲ. ಅವಿಭಾಜ್ಯ. ಈಗ ಬಲಗಡೆ ಕೊನೇ ಅಂಕಿ ಮೂರನ್ನ ಹೊಡೆದಾಕಿ. ಉಳಿದಿದ್ದೂ ಅವಿಭಾಜ್ಯ. ಇನ್ನೊಂದು ಹೊಡೀರಿ, ಅದೂ ಅವಿಭಾಜ್ಯ. ಹೊಡೀತಾ ಹೋಗಿ."

ಅಂಕಿಗಳು ಒಂದೊಂದಾಗಿ ಹೋಗಿ ಎಡತುದಿಯ ಏಳು ಮಾತ್ರ ಉಳಿಯಿತು.

"ಏಳೂ ಅವಿಭಾಜ್ಯವೇ! ಈ ಗುಣ ಇರೋ ಸಂಖ್ಯೆಗಳಲ್ಲಿ ನೀವು ಮೊದ್ಲು ಬರೆದಿದ್ದೇ ದೊಡ್ಡದು. ಅದ್ರ ಮುಂದೆ ಇನ್ನೊಂದಿಲ್ಲ." ಮೇಷ್ಟ್ರ ಮುಖ ಬೆಳಗಿತು.

"ನೋಡಿದ್ರಾ ಮೇಡಂ?" ಇಂಪನಾ ಫೋನನ್ನು ಡಾಕ್ಟರ ಮುಂದೆ ಹಿಡಿದಳು. "ಬಿಎಸ್ಸಿ ಓದ್ತಿರೋ ನಂಗೇ ಇಷ್ಟು ನೆನಪಿರಲ್ಲ. ನಮ್ಮಪ್ಪ ಗುಂಡ್ಕಲ್ ಇದ್ದಂಗವ್ರೆ ಅಂತ ಒಂದ್ ಮಾತು ಹೇಳ್ಬುಡಿ, ನಮ್ಮಕ್ಕ ಸುಮ್ನಾಗ್ತಾಳೆ."

ಡಾಕ್ಟರ್ ನಗಲಿಲ್ಲ. "ಮೇಷ್ಟ್ರೇ, ಇದನ್ನ ಯಾವಾಗ ಕಲಿತ್ರಿ?"

"ಕಾಲೇಜಲ್ಲಿ. ಆಗಿನ್ನೂ ಮದ್ವೆ ಆಗಿರ್ಲಿಲ್ಲ."

"ಇವತ್ತು ಏನ್ ತಿಂಡಿ ತಿಂದ್ರಿ?"

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ತಿಂಡಿ... ತಿಂದೆ."

"ಚಿತ್ರಾನ್ನ ಕಣಪ್ಪ," ಇಂಪನಾ ಪಿಸುಗುಟ್ಟಿದಳು.

"ನೀನು ಸುಮ್ನಿರಮ್ಮ. ಮೇಷ್ಟ್ರೇ, ನಿಮ್ಗೆ ಮಕ್ಕಳೆಷ್ಟು?"

"ಒಬ್ಳೇ. ಪ್ರೇಮಲತಾ ಅಂತ. ಮೂರನೇ ಕ್ಲಾಸು. ಮಗ್ಗಿ ಹೇಳು ಅಂದ್ರೆ ಓಡೋಗ್ತಾಳೆ."

ಇಂಪನಾ ಹುಟ್ಟಿದ್ದು ಅಕ್ಕ ಪಿಯುಸಿ ಓದುವಾಗ.

ಅವಳು ಜೋರಾಗಿ ನಕ್ಕಳು. "ತಮಾಷೆ ಮಾಡ್ತವ್ರೆ ಮೇಡಂ, ಯಾವಾಗ್ಲೂ ಹಿಂಗೇ. ಅಪ್ಪಾ, ನಾಟಕ ಸಾಕು, ರೆಕಾರ್ಡ್ ಆಗ್ತಿದೆ. ಸರಿಯಾಗಿ ಹೇಳು. ಅಪ್ಪಾ..." ನಗು ಎಲ್ಲಿ ನಿಂತಿತೋ ಅವಳಿಗೇ ತಿಳಿಯಲಿಲ್ಲ. ರೆಕಾರ್ಡಿಂಗ್ ನಿಲ್ಲಿಸಿ ಕಣ್ಣೊರೆಸಿಕೊಂಡಳು.

ಮೇಷ್ಟ್ರು ಅವಳತ್ತ ತಿರುಗಿದರು. ಲೆಕ್ಕ ತಪ್ಪಾಗಿ ಅಳುವ ಹುಡುಗಿಯರನ್ನು ಸಮಾಧಾನ ಮಾಡುವ ಅವರ ಆ ಹಳೆಯ ದನಿಯಲ್ಲಿ ಒಂದಿಷ್ಟೂ ಮರೆವಿರಲಿಲ್ಲ.

"ಅಳ್ಬಾರ್ದು ಕಣಮ್ಮ. ಹೊತ್ತಾಯ್ತು, ಮನೆಗೋಗು. ನಿಮ್ಮಪ್ಪ ದಾರಿ ನೋಡ್ತಿರ್ತಾರೆ."