ಹೊತ್ತಿಕೊಳ್ಳದ ಗ್ಯಾಸು

ಈ ಕಡ್ಡಿಯೂ ಬೆರಳಿನವರೆಗೆ ಉರಿದು ಬಂತು. ಒಲೆ ಮಾತ್ರ ಹೊತ್ತಿಕೊಳ್ಳಲಿಲ್ಲ. ಹೊಲದಿಂದ ಇಂದು ಬೇಗ ಬಂದಿದ್ದ ಸೊಸೆ ಕಡ್ಡಿ ಬಿಸುಟು ಕಿಟಕಿಯಿಂದ ಕೂಗಿದಳು. “ಬಿಸಿಲಿಲ್ಲದಿದ್ರೆ ಸೋಲಾರು ನಿಲ್ಲುತ್ತೆ, ಗಾಳಿ ಬೀಸದಿದ್ರೆ ಗಾಳಿಯಂತ್ರ ನಿಲ್ಲುತ್ತೆ. ನಮ್ಮ ಕೊಟ್ಟಿಗೇಲಿ ಸಗಣಿಗೇನ್ರೀ ಬರ?”

ಹಿತ್ತಲಿನ ಗೋಬರ್ ಗ್ಯಾಸ್ ಹೊಂಡದ ಬಳಿ ಗಂಡ ಪೈಪು ಬಿಚ್ಚಿ ಊದುತ್ತಿದ್ದ. “ತಲೆ ತಿನ್ಬೇಡ ಕಣೇ. ಪೈಪು ಸರಿ ಇದೆ, ವಾಲ್ವೂ ಸರಿ ಇದೆ.”

“ಎಲ್ಲಾ ಸರಿ ಇದೆ, ನನ್ನ ಹಣೆಬರಹ ಒಂದು ಬಿಟ್ಟು!” ವಾರದಿಂದ ಮತ್ತೆ ಸೌದೆ ಒಲೆಯೇ ಗತಿಯಾಗಿತ್ತು. ಗ್ಯಾಸು ಬಂದ ಮೇಲೆ ಬಿಟ್ಟುಹೋಗಿದ್ದ ಕೆಮ್ಮು ಹೊಗೆಯ ಜೊತೆಗೇ ಮರಳಿತ್ತು. ತಡೆಯಲಾರದೆ ತಾನೇ ಹೋಗಿ, ಕೊಟ್ಟಿಗೆಯ ಪಕ್ಕದಲ್ಲಿ ಸಗಣಿ ಕಲಸಿ ಹೊಂಡಕ್ಕೆ ಬಿಡುವ ತೊಟ್ಟಿಯ ಮೇಲೆ ಬಾಗಿದಳು. ಫಿನಾಯಿಲ್ ವಾಸನೆ ಗಪ್ಪೆಂದು ಮೂಗಿಗೆ ಅಡರಿತು. ಹಿಂದೆಯೇ ಬಂದ ಗಂಡ ಮೂಸಿ ನೋಡಿ ಹಣೆ ಚಚ್ಚಿಕೊಂಡ. “ಗ್ಯಾಸು ಮಾಡೋ ಕ್ರಿಮಿಗಳೆಲ್ಲ ಸತ್ತಿರ್ತವೆ. ಹೊಂಡ ಖಾಲಿ ಮಾಡಿ ಮೊದಲಿಂದ ತುಂಬಬೇಕು. ಯಾರು ಸುರಿದ್ರು ಇದನ್ನ?”

ಬಾಯಿ ತುಂಬ ಬೈಗುಳ ಹೊತ್ತು ಅವಳು ಕೊಟ್ಟಿಗೆಗೆ ನುಗ್ಗಿದಳು. ಅಲ್ಲಿ ಅತ್ತೆ ಬಗ್ಗಿ ನೆಲ ಉಜ್ಜುತ್ತಿದ್ದರು. ಹಾಲಿನಂಥ ನೀರು ಕಾಲುವೆ ಹಿಡಿದು ಸೀದಾ ತೊಟ್ಟಿಗೆ ಹರಿಯುತ್ತಿತ್ತು. “ಅಯ್ಯೋ, ಇಷ್ಟು ಬೇಗ ಬಂದ್ಬಿಟ್ಯಾ? ಬೆಳಿಗ್ಗೆ ಸಗಣಿ ಬಾಚುವಾಗ ನೀನು ಮೂಗು ಮುಚ್ಕೊಳ್ಳೋದು ನೋಡೋಕಾಗ್ಲಿಲ್ಲ ಕಣಮ್ಮ. ಅದಕ್ಕೇ ನೀನು ಹೊಲಕ್ಕೆ ಹೋದ ಮೇಲೆ ದಿನಾ ಫಿನಾಯಿಲ್ ಹಾಕಿ ತೊಳೀತಿದೀನಿ.” ಅತ್ತೆ ಸೊಂಟ ಹಿಡಿದುಕೊಂಡು ಮೆಲ್ಲಗೆ ನೆಟ್ಟಗಾದರು. “ಈಗ ವಾಸನೆ ಕಮ್ಮಿ ಆಗಿದೆ ತಾನೆ?”

“ಆಗಿದೆ ಅತ್ತೆ,” ಎಂದು ಸೊಸೆ ಅವರ ಕೈಯಿಂದ ಪೊರಕೆ ಇಸಿದುಕೊಂಡಳು.