ಸೇತುವೆಗಳ ಸಮಗ್ರ ಚರಿತ್ರೆ

ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಪರದೆಯ ಮೇಲೆ ಕಂಪನಿಯ ಗುರುತು ಬರುತ್ತಿತ್ತು, ಅಷ್ಟರಲ್ಲೇ ಎಲ್ಲ ಕಪ್ಪಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ರಿಪೇರಿಗೆ ಬಂದ ಹೆಂಗಸು ಮೂರು ಸಲ ನೋಡಿದಳು, ವೈರು ಕಿತ್ತಳು, ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಳು. ಒಳಗೆ ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು.

"ಮಷಿನ್ ಹೋದರೆ ಹೋಗಲಿ, ಇವರ ಪುಸ್ತಕ ಒಂದು ಉಳಿಸಿಕೊಡಮ್ಮ," ಎಂದರು ಮನೆಯಾಕೆ. "ಹನ್ನೊಂದು ವರ್ಷ ಬರೆದಿದ್ದಾರೆ."

ಅವರ ಗಂಡ ಬಾಗಿಲಿಗೆ ಒರಗಿ ನಿಂತಿದ್ದರು. ಇಂಜಿನಿಯರು, ಕೆಲಸದಲ್ಲಿದ್ದಷ್ಟು ದಿನವೂ ಸೇತುವೆ ಕಟ್ಟಿಸಿದವರು. ನಿವೃತ್ತರಾದ ಮಾರನೆಯ ದಿನವೇ 'ಸೇತುವೆಗಳ ಸಮಗ್ರ ಚರಿತ್ರೆ' ಬರೆಯುತ್ತೇನೆಂದು ಈ ಕೋಣೆ ಸೇರಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡರೆ ಊಟಕ್ಕೊಮ್ಮೆ, ಕಾಫಿಗೊಮ್ಮೆ ಹೊರಗೆ ಬರುತ್ತಿದ್ದರು. ಪುಸ್ತಕದ ಸಲುವಾಗಿ ಆಕೆ ರೇಡಿಯೋ ಹಾಕುವುದು ಬಿಟ್ಟರು, ಕರೆಗಂಟೆಯ ವೈರನ್ನು ಕೈಯಾರೆ ಕತ್ತರಿಸಿದರು. ಮೇಲಿನ ಮನೆಯವರು ಕುರ್ಚಿ ಎಳೆದರೂ ಮೆಟ್ಟಿಲು ಹತ್ತಿ ಹೋಗಿ, ನಮ್ಮವರು ಬರೀತಿದ್ದಾರೆ ಎಂದು ಹೇಳಿ ಬರುತ್ತಿದ್ದರು. ಎಲ್ಲಿಗೆ ಬಂತು ಎಂದು ನೆಂಟರು ಕೇಳಿದರೆ, ಕಲ್ಲಿನ ಕಮಾನುಗಳವರೆಗೆ ಬಂದಿದೆ ಎನ್ನುತ್ತಿದ್ದರು ಇಂಜಿನಿಯರು. ಐದು ವರ್ಷದಿಂದ ಅದು ಕಲ್ಲಿನ ಕಮಾನುಗಳಲ್ಲೇ ಇತ್ತು.

ಕಂಪ್ಯೂಟರ್ ಕೆಟ್ಟು ಮೂರು ವಾರವಾಗಿತ್ತು. ಸುದ್ದಿ ಕೇಳಿ ಹಳೆಯ ಸಹೋದ್ಯೋಗಿಗಳು ಮನೆಗೇ ಬಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡಿ ಹೋಗಿದ್ದರು. ಎಂಥ ದೊಡ್ಡ ಗ್ರಂಥವಾಗುತ್ತಿತ್ತು ಎಂದು ಅವರೆಲ್ಲ ಹಲುಬಿದಾಗ ಇಂಜಿನಿಯರು ಅವರಿಗೇ ಸಮಾಧಾನ ಹೇಳಿ ಕಳಿಸಿದ್ದರು. ರಿಪೇರಿಯವರನ್ನು ಕರೆಸುವುದೇ ಬೇಡ ಎಂದೂ ಹೇಳಿದ್ದರು. ಹೆಂಡತಿ ಕೇಳಲಿಲ್ಲ.

ಆಕೆ ಕಾಫಿ ಮಾಡಲು ಒಳಗೆ ಹೋದ ಮೇಲೆ ರಿಪೇರಿಯವಳು ಡಿಸ್ಕನ್ನು ಹೊರತೆಗೆದು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಅದು ಸಲೀಸಾಗಿ ತೆರೆದುಕೊಂಡಿತು. ಡಿಸ್ಕಿಗೆ ಏನೂ ಆಗಿಲ್ಲ ಎಂದು ಖುಷಿಯಿಂದಲೇ ಹೇಳಿದಳು. ಇಂಜಿನಿಯರು ಮೆಲ್ಲಗೆ ಬಾಗಿಲು ಮುಚ್ಚಿದರು.

ಪುಸ್ತಕದ ಫೈಲಿನಲ್ಲಿ ಹೆಸರಿನ ಪುಟವಿತ್ತು. ಹೆಂಡತಿಗೆ ಅರ್ಪಣೆಯ ಪುಟವಿತ್ತು. ತುಂಬ ಚೆನ್ನಾಗಿ ಬರೆದಿದ್ದರು. ಮೂರನೆಯ ಪುಟದಲ್ಲಿ 'ಮನುಷ್ಯ ಮೊದಲು ನದಿಯನ್ನು ಕಂಡ' ಎಂಬ ಒಂದು ವಾಕ್ಯ. ಆಮೇಲೆ ಬರೀ ಬಿಳಿ. ಅದೇ ಡಿಸ್ಕಿನಲ್ಲಿ ಒಂದು ಇಸ್ಪೀಟಿನ ಆಟವಿತ್ತು. ಅದರಲ್ಲಿ ಅವರು ಹದಿನಾಲ್ಕು ಸಾವಿರ ಸಲ ಗೆದ್ದಿದ್ದರು.

"ಸೇತುವೆ ಕಟ್ಟೋದು ನನಗೆ ಬರುತ್ತಮ್ಮ," ಎಂದರು ಇಂಜಿನಿಯರು, ನೆಲ ನೋಡುತ್ತ. "ಬರೆಯೋದು ಬರಲಿಲ್ಲ. ಮೊದಲನೇ ತಿಂಗಳೇ ಹೇಳಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಅವಳು ಗಂಟೆಯ ವೈರು ಕತ್ತರಿಸಿಬಿಟ್ಟಳು. ಆಮೇಲೆ ಹೇಗೆ ಹೇಳಲಿ?" ಡಿಸ್ಕ್ ಹೋಗಿದೆ ಅಂತ ಹೇಳಿಬಿಡು ಎಂದು ಬೇಡಿಕೊಂಡರು.

ರಿಪೇರಿಯವಳು ಏನೂ ಒಪ್ಪಿಕೊಳ್ಳದೆ ಎದ್ದಳು. ಚೆನ್ನಾಗಿರುವ ಡಿಸ್ಕನ್ನು ಹೋಗಿದೆ ಎನ್ನುವವರು ಅವಳ ಕಸುಬಿನಲ್ಲಿ ಬೇಕಾದಷ್ಟಿದ್ದರು. ಇಪ್ಪತ್ತು ವರ್ಷದಲ್ಲಿ ಅವಳು ಒಮ್ಮೆಯೂ ಹಾಗೆ ಹೇಳಿರಲಿಲ್ಲ. ಕೈಯ ಧೂಳು ತೊಳೆಯಲು ಅಡುಗೆಮನೆಗೆ ಹೋದಳು. ಮನೆಯಾಕೆ ನಲ್ಲಿ ಬಿಟ್ಟುಕೊಟ್ಟು, ಪುಸ್ತಕ ಸಿಕ್ಕಿತೇ ಎಂದು ಕೇಳಿದರು. ರಿಪೇರಿಯವಳು ತೊಳೆದ ಕೈಯನ್ನೇ ಮತ್ತೆ ಉಜ್ಜತೊಡಗಿದಳು.

"ಒದ್ದಾಡಬೇಡ, ಅದರಲ್ಲಿ ಒಂದೇ ಸಾಲು ಇರೋದು ನನಗೆ ಗೊತ್ತು," ಎಂದರು ಮನೆಯಾಕೆ, ನೀರಿನ ಸದ್ದಿಗಿಂತ ಸಣ್ಣ ದನಿಯಲ್ಲಿ. ಎಂಟು ವರ್ಷದ ಹಿಂದೆ, ಗಂಡ ಹಲ್ಲು ಕೀಳಿಸಲು ಹೋಗಿದ್ದ ದಿನ, ಮೇಜು ಒರೆಸುವಾಗ ನೋಡಿದ್ದರಂತೆ. ಎರಡು ದಿನ ಅತ್ತರಂತೆ. ಮೂರನೆಯ ದಿನ ಒಂಬತ್ತಕ್ಕೆ ಕೋಣೆಯ ಬಾಗಿಲು ಮುಚ್ಚಿಕೊಂಡಾಗ, ಈ ನಿಶ್ಶಬ್ದ ತಮಗೂ ಒಗ್ಗಿಹೋಗಿದೆ ಎಂದು ತಿಳಿಯಿತಂತೆ. "ಪುಸ್ತಕ ಏನಾದರೂ ಆಗಲಿ. ಮಷಿನ್ ಮಾತ್ರ ಹೇಗಾದರೂ ಶುರು ಮಾಡಿಕೊಡು ತಾಯಿ. ಮೂರು ವಾರದಿಂದ ಇವರು ಇಲ್ಲೇ ಕೂತಿದ್ದಾರೆ. ಅಲ್ಲಿ ನೋಡು."

ಒಲೆಯ ಮೇಲಿನ ಗೋಡೆಗೆ ಒಂದು ನಕ್ಷೆ ಅಂಟಿಸಿತ್ತು. ಯಾವ ಪಾತ್ರೆ ಯಾವುದರ ಮೇಲೆ ಕೂರಬೇಕು, ಯಾವುದು ಎಷ್ಟು ಭಾರ ತಡೆಯುತ್ತದೆ ಎಂದು ಅಳತೆ ಸಮೇತ ಬರೆದಿತ್ತು. ಕೆಳಗೆ ಇಂಜಿನಿಯರ ಸಹಿ.

ರಿಪೇರಿಯವಳು ಕೋಣೆಗೆ ವಾಪಸು ಬಂದು ಮುಕ್ಕಾಲು ಗಂಟೆ ತಲೆಯೆತ್ತದೆ ಕೆಲಸ ಮಾಡಿದಳು. ಧೂಳು ಗುಡಿಸಿದಳು, ಮೆಮೊರಿ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದಳು, ಕರೆಂಟು ಹಂಚುವ ಪೆಟ್ಟಿಗೆ ತೆಗೆದು ಚೀಲದಿಂದ ಬೇರೊಂದು ಹಾಕಿದಳು, ಡಿಸ್ಕನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದಳು. ಗುಂಡಿ ಒತ್ತಿದಾಗ ಗುರುತು ಬಂತು, ಈ ಸಲ ಕಪ್ಪಾಗಲಿಲ್ಲ. ಗಂಡಹೆಂಡತಿ ಅಕ್ಕಪಕ್ಕ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಮಷಿನ್ ಸರಿಹೋಯ್ತು," ಎಂದಳು ಅವಳು. ಸಾಮಾನು ಚೀಲಕ್ಕೆ ತುಂಬುತ್ತ, "ಪುಸ್ತಕ ಸಿಗಲಿಲ್ಲ," ಎಂದಳು.

ಇಂಜಿನಿಯರು ಉದ್ದಕ್ಕೆ ಉಸಿರುಬಿಟ್ಟು, ಹಾಗಾದರೆ ಮತ್ತೆ ಮೊದಲಿನಿಂದ ಬರೀಬೇಕು ಎನ್ನುತ್ತ ಕುರ್ಚಿ ಎಳೆದುಕೊಂಡರು. ಹೆಂಡತಿ ಕಾಫಿ ಲೋಟವನ್ನು ಅವರ ಕೈಗೆ ಎಟಕುವ ಹಾಗಿಟ್ಟು, ಕೀಬೋರ್ಡಿನ ಮೇಲಿದ್ದ ಧೂಳನ್ನು ಬಟ್ಟೆಯಿಂದ ಒರೆಸಿದರು.

"ಬರೀರಿ," ಎಂದರು. "ಈ ಸಲ ಎರಡು ಸಂಪುಟ ಆಗಲಿ."