ಮೇಷ್ಟ್ರು ನಿಮ್ಮನ್ನ ಕೇಳ್ತಿದ್ರು

“ಲೈನ್ ಬಿಟ್ಟುಗಿಟ್ಟೀಯ! ಈ ತಿಂಗಳು ಇನ್ನೊಬ್ಬರು ಕಾಲೇಜು ಬಿಟ್ರೆ ನಾಳೆಯಿಂದ ನೀನೂ ಬರಬೇಡ,” ಎಂದು ಮೇಲ್ವಿಚಾರಕ ಬೆನ್ನ ಹಿಂದೆ ನಿಂತು ಹಲ್ಲು ಕಡಿದ. ಕಚೇರಿಯಲ್ಲಿ ಅವನಿಗೆ ಜಿಗಣೆ ಎಂದೇ ಹೆಸರು.

ಹುಡುಗಿ ಫೋನನ್ನು ಕಿವಿಗೊತ್ತಿಕೊಂಡಳು. ಆನ್‌ಲೈನ್ ಕಾಲೇಜು ಬಿಡಲು ಹೊರಟವರನ್ನು ಪುಸಲಾಯಿಸಿ ನಿಲ್ಲಿಸಿಕೊಳ್ಳುವುದು ಅವಳ ಕೆಲಸ. ಥೂ, ಅದೂ ಒಂದು ಕೆಲಸವೇ! ಎಳೆಗೂಸಿನ ಕೈಯ ತಿಂಡಿ ಕಸಿಯುವುದು ಇದಕ್ಕಿಂತ ವಾಸಿ. ಆದರೆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಆ ಕಡೆ ಇದ್ದದ್ದು ವಯಸ್ಸಾದ ಹೆಂಗಸು. ಇತಿಹಾಸದ ಕೋರ್ಸಿಗೆ ಸೇರಿದ್ದರು. ಒಂದು ಪರೀಕ್ಷೆಯನ್ನೂ ಬರೆದವರಲ್ಲ. ಒಬ್ಬ ಮೇಷ್ಟ್ರ ಒಂದೇ ಪಾಠದ ವಿಡಿಯೊವನ್ನು ತಿರುಗಾಮುರುಗಾ ನೋಡುವವರು.

“ಯಾಕಮ್ಮಾ ಬಿಡ್ತೀರಾ? ಪಾಠ ಕಷ್ಟಾನಾ?”

“ಪಾಠ ಯಾರಿಗೆ ಬೇಕು ತಾಯಿ? ಅವರ ಕೆಮ್ಮನ್ನ ಕತ್ತರಿಸಿಬಿಟ್ಟಿದ್ದೀರಲ್ಲ! ಮಧ್ಯೆ ನೀರು ಕುಡಿದು, ‘ಎಲ್ಲಿದ್ದೆ ನಾನು?’ ಅಂತಿದ್ರು. ಅದೂ ಇಲ್ಲ. ಈಗ ಗಿಣಿ ಒದರಿದ ಹಾಗಿದೆ.”

“ವಿಡಿಯೊ ಚೊಕ್ಕ ಮಾಡಿದ್ದಾರಮ್ಮ.”

“ಚೊಕ್ಕ ಅಲ್ಲ, ಬೋಳಿಸಿದ್ದಾರೆ.”

ಮುದುಕಿಗೆ ಅರಳುಮರಳು ಎಂದುಕೊಂಡಳು ಹುಡುಗಿ. ‘ಮೇಷ್ಟ್ರು’ ಎಂಬ ಮಾತೇ ಆ ಬಾಯಿಂದ ಬಾರದು, ಬರೀ ‘ಅವರು’. ಜಿಗಣೆ ಅವಳ ಭುಜ ತಿವಿದ. ಹೊರಟವರನ್ನು ತಡೆಯಲೆಂದೇ ಅವನು ಕಲಿಸಿಕೊಟ್ಟ ಮಾತೊಂದಿತ್ತು. ನಾಲಿಗೆ ಕಹಿಯಾದರೂ ಆಡಿದಳು.

“ಮೇಷ್ಟ್ರು ಈಗ ತಾನೇ ನಿಮ್ಮನ್ನ ಕೇಳ್ತಿದ್ರು. ಎಲ್ಲಿ, ಕಾಣಿಸ್ತಾನೇ ಇಲ್ಲ ಅಂತ.”

ಮೇಷ್ಟ್ರನ್ನು ಅವಳು ಕಂಡವಳೇ ಅಲ್ಲ. ಅಲ್ಲಿ ಯಾರೂ ಕಂಡವರಲ್ಲ. ಪಾಠಗಳೆಲ್ಲ ಎಂದೋ ಹಿಡಿದಿಟ್ಟವು. ಮಾರುವುದಷ್ಟೇ ಇವರ ಪಾಲು.

ಆ ಕಡೆಯಿಂದ ಮೆಲ್ಲನೆ, “ಅವರು... ನನ್ನನ್ನ ಕೇಳಿದ್ರಾ?”

ಮೀನು ಗಾಳ ಕಚ್ಚಿತು! ಜಿಗಣೆ ಫೋನು ಕಿತ್ತುಕೊಂಡು ಸ್ಪೀಕರ್ ಒತ್ತಿದ. ತನ್ನ ಕಸುಬು ಎಲ್ಲರೂ ಕೇಳಿ ಕಲಿಯಲಿ ಎಂದು. ಗಂಟಲು ಸರಿಮಾಡಿಕೊಂಡ. ದನಿಗೆ ಜೇನು ಸವರಿದ.

“ನಾನೇ ಮಾತಾಡ್ತಿರೋದಮ್ಮ, ನಿಮ್ಮ ಮೇಷ್ಟ್ರು. ನೀವೇ ಬಿಟ್ಟು ಹೋದ್ರೆ ನಾನು ಯಾರ ಮುಖ ನೋಡ್ಕೊಂಡು ಪಾಠ ಹೇಳಲಿ?”

ಹೇಳಿ ಹುಡುಗಿಯ ಕಡೆ ಕಣ್ಣು ಮಿಟುಕಿಸಿದ. ಅವಳು ಮುಖ ತಿರುಗಿಸಿಕೊಂಡಳು. ಅಕ್ಕಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ಕಿವಿಗೊಟ್ಟರು.

ಸ್ಪೀಕರಿನಿಂದ ಮುದುಕಿಯ ದನಿ ನಿಧಾನವಾಗಿ ಬಂತು.

“ರೀ, ನನ್ನ ಕೈಯಾರೆ ಮಣ್ಣು ಹಾಕಿ ಬಂದಿದ್ದೆ ನಿಮಗೆ, ಇವರ ಕೈಗೆ ಹೇಗೆ ಸಿಕ್ಕಿದ್ರಿ?”